ಬರ ನಿರ್ಣಯದಲ್ಲಿ ಉಪಗ್ರಹ ಚಿತ್ರ: ಮಾಪನಾಂಕ ನಿರ್ಣಯದ ಅಗತ್ಯ

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯನ್ವಯ ಇಂತಹ ಘೋಷಣೆಗೆ ಮಳೆ ಕೊರತೆಯೊಡನೆ ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಜಲಸ್ಥಿತಿ ಹಾಗೂ ಉಪಗ್ರಹ ಚಿತ್ರಗಳಿಂದ ಪಡೆದ ಸಸ್ಯ ಸೂಚ್ಯಂಕವನ್ನು ಪರಿಗಣಿಸಲಾಗುತ್ತದೆ. ಅಂದರೆ ಹನೂರಿನ ಮಳೆಯಾಶ್ರಿತ ರಾಗಿ ಹೊಲದ ಪರವಾಗಿ ಆಕಾಶದ ಕ್ಯಾಮೆರಾವೂ ಒಂದು ಸಾಕ್ಷಿ. ಆ ಸಾಕ್ಷಿ ಎಷ್ಟು ನಂಬಲರ್ಹ ಎಂಬುದನ್ನು ಪರೀಕ್ಷಿಸುವ ಕಾರ್ಯವೇ ಮಾಪನಾಂಕ ನಿರ್ಣಯ.

ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಸಮೀಪದ ಅವಗೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, ಕೆಂಪು 0.10 ಮತ್ತು ಅವಗೆಂಪು 0.30 ಇದ್ದಲ್ಲಿ ಸೂಚ್ಯಂಕ 0.50. ಉಪಕರಣವು ಅವಗೆಂಪನ್ನು ಶೇ. 5ರಷ್ಟು ಕಡಿಮೆ ಅಳೆದರೆ ಅದು 0.48ಕ್ಕೆ ಇಳಿಯುತ್ತದೆ, ಹೊಲದಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಹಿಂದಿನ ವರ್ಷಗಳ ಕನಿಷ್ಠ 0.30, ಗರಿಷ್ಠ 0.60 ಎಂದಿಟ್ಟುಕೊಂಡು ತುಲನೆ ಮಾಡಿದರೆ ಬೆಳೆಯ ಸ್ಥಿತಿ ಶೇ. 67ರಿಂದ ಶೇ. 60ಕ್ಕೆ ಕುಸಿದಂತೆ ತೋರುತ್ತದೆ. ತಪ್ಪು ವಿರುದ್ಧ ದಿಕ್ಕಿನಲ್ಲಿದ್ದರೆ ಒಣಗಿದ ಬೆಳೆಯೂ ಹಸಿರೆನಿಸೀತು. ರೈತರಿಗೆ ಹೆಚ್ಚು ಹಾನಿಕರವಾದುದು ಇದೇ.

ಕಕ್ಷೆಯಲ್ಲಿ ವರ್ಷಗಳು ಕಳೆದಂತೆ ಸಂವೇದಕಗಳ ಸ್ಪಂದನೆ ಬದಲಾಗುತ್ತದೆ. 2011ರಲ್ಲಿ ಉಡಾವಣೆಗೊಂಡ ರಿಸೋರ್ಸ್‌ಸ್ಯಾಟ್-2 ಮತ್ತು 2016ರ ರಿಸೋರ್ಸ್‌ಸ್ಯಾಟ್-2ಎ ಒಂದೇ ಬಗೆಯ ಕ್ಯಾಮೆರಾಗಳನ್ನು ಹೊತ್ತಿದ್ದರೂ ಅವುಗಳ ಅಳತೆಯನ್ನು ತಾಳೆ ನೋಡದೆ ಬೆರೆಸುವಂತಿಲ್ಲ. ಉಡಾವಣೆಗೆ ಮುನ್ನ ಪ್ರಯೋಗಾಲಯದಲ್ಲಿಯೂ, ಬಳಿಕ ಉಪಗ್ರಹದೊಳಗಿನ ದೀಪಗಳಿಂದಲೂ ಪರೀಕ್ಷೆ ನಡೆಯುತ್ತದೆ. ಇದಲ್ಲದೆ ಗುಜರಾತಿನ ಚಿಕ್ಕ ರಣ್‌ನಂತಹ ಸಮತಟ್ಟಾದ ಉಪ್ಪುನೆಲದಲ್ಲಿ, ಉಪಗ್ರಹ ಹಾದುಹೋಗುವ ವೇಳೆಗೆ ವಿಜ್ಞಾನಿಗಳು ನೆಲದ ಪ್ರತಿಫಲನವನ್ನು ಅಳೆದು ಹೋಲಿಸುತ್ತಾರೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟ ಈ ಕಾರ್ಯಕ್ಕೆ ಒದಗದು. ಇಳಿಜಾರು, ಮೋಡ, ಎಲೆಯುದುರುವ ಕಾಡು ಎಲ್ಲವೂ ಅಡ್ಡಿ.

ಎಲ್ಲ ದೋಷಗಳಿಗೂ ಇದು ಪರಿಹಾರವಲ್ಲ. ಕೊಳ್ಳೇಗಾಲದ ನೀರಾವರಿ ಹಿಪ್ಪುನೇರಳೆ ತೋಟವೂ ಪಕ್ಕದ ಒಣ ಹೊಲವೂ 56 ಮೀಟರ್ ಅಗಲದ ಒಂದೇ ಚಿತ್ರಬಿಂದುವಿನಲ್ಲಿ ಸೇರಿಹೋದರೆ, ಎಷ್ಟೇ ನಿಖರ ಉಪಕರಣವೂ ಅವನ್ನು ಬೇರ್ಪಡಿಸಲಾರದು. ಶೇ. 10ರಷ್ಟು ಗ್ರಾಮಗಳಲ್ಲಿ ಸ್ಥಳ ಪರಿಶೀಲನೆ ನಡೆಸಬೇಕೆಂದು ಕೈಪಿಡಿ ವಿಧಿಸಿದೆ. ಆದರೆ ಆ ಪರಿಶೀಲನೆ ನಡೆಯುವುದು ಮಳೆ ಮತ್ತು ಸೂಚ್ಯಂಕಗಳ ಹಂತಗಳನ್ನು ದಾಟಿದ ತಾಲ್ಲೂಕುಗಳಲ್ಲಿ ಮಾತ್ರ.