ಕಡಲ ಹುಡಿಯೂ ರಂಜಕದ ಗಂಟೂ

ಮಳೆಗಾಲಕ್ಕೆ ಮುಂಚಿನ ಬಿಸಿಲಿನ ತಿಂಗಳುಗಳಲ್ಲಿ, ನಮ್ಮ ಕರಾವಳಿಯ ಕಡಲಿನಲ್ಲಿ ಕೆಲವು ವರ್ಷ ಕಂದುಬಣ್ಣದ ಮರದ ಹುಡಿಯಂತಹ ಪದಾರ್ಥವು ಪಟ್ಟೆಪಟ್ಟೆಯಾಗಿ ತೇಲುವುದುಂಟು. ಮರವಂತೆಯಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಅದನ್ನು ಕಂಡವರು, ಯಾವುದೋ ಹಡಗಿನ ಕೊಳೆಯೆಂದು ಮೂಗು ಮುರಿಯಬಹುದು. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಮಕ್ಕಳು ಕೇಳಿದಾಗ ಹಾಗೆಯೇ ಹೇಳಿಯೂ ಇದ್ದೆವು. ಆ ತಪ್ಪನ್ನು ಈಗ ತಿದ್ದಿಕೊಳ್ಳತಕ್ಕದ್ದಿದೆ.

ಅದು ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿಗಳ ಸಮೂಹ. ಕೋಶಕ್ಕೆ ಕೋಶ ಹತ್ತಿ ಎಳೆಯಾಗಿ, ಎಳೆಗಳು ಕೂಡಿ ಕಂತೆಯಾಗಿ, ನಮ್ಮ ಕಣ್ಣಿಗೆ ಹುಡಿಯೆಂದು ತೋರುತ್ತವೆ. ಗಾಳಿಯೊಳಗಣ ಸಾರಜನಕವನ್ನು ಈ ಜೀವಿಯು ತಾನೇ ಹಿಡಿದು ಬಳಸಬಲ್ಲುದು. ಆದರೆ ರಂಜಕವು ಹಾಗೆ ಗಾಳಿಯಿಂದ ದೊರೆಯತಕ್ಕದ್ದಲ್ಲ. ತೆರೆದ ಕಡಲಿನ ಮೇಲ್ನೀರಿನಲ್ಲಿಯೂ ಅದು ಅತ್ಯಲ್ಪ. ರಂಜಕವಿಲ್ಲದೆ ಯಾವ ಜೀವಕೋಶವೂ ಬದುಕಲಾರದು.

ಜೀವಿಗಳಲ್ಲಿ ರಂಜಕವು ಆಮ್ಲಜನಕದ ಕೈಹಿಡಿದೇ ಇರುವುದೆಂದು ಶಾಲೆಯಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆದರೆ 1959ರಲ್ಲಿ ಜಪಾನಿನ ಹೊರಿಗುಚಿ ಮತ್ತು ಕಂಡಾತ್ಸು ಎಂಬ ಪಂಡಿತರು, ಕುರಿಯ ಹೊಟ್ಟೆಯಲ್ಲಿ ವಾಸಿಸುವ ಏಕಕೋಶ ಜೀವಿಗಳಲ್ಲಿ, ರಂಜಕವು ಇಂಗಾಲಕ್ಕೇ ನೇರವಾಗಿ ಬಂಧಿತವಾದ ಪದಾರ್ಥವನ್ನು ಕಂಡರು. ಇಂತಹವುಗಳಿಗೆ ಫಾಸ್ಫೊನೇಟುಗಳೆಂದು ಹೆಸರು. ಈ ಗಂಟು ಬಲು ಬಿಗಿ. ಸಾಮಾನ್ಯ ಕಿಣ್ವಗಳು ಅದನ್ನು ಬಿಚ್ಚಲಾರವು. ಆದುದರಿಂದಲೇ ಕೆಲವು ಜೀವಿಗಳ ಪೊರೆಯಲ್ಲಿ ಅದು ಕಾವಲಿನಂತೆ ಇರಬಹುದೆಂದು ಬಲ್ಲವರ ಊಹೆ.

ನಮ್ಮ ಕಡಲ ಹುಡಿಯಾದರೋ ಈ ಗಂಟನ್ನು ಬಿಚ್ಚುವ ಉಪಾಯವನ್ನು ಪಡೆದಿದೆಯೆಂದು 2006ರಲ್ಲಿ ತಿಳಿಯಬಂದಿತು. ತಾನೇ ಅಂತಹ ಗಂಟನ್ನು ಕಟ್ಟಲೂ ಬಲ್ಲುದೆಂಬುದು 2009ರಲ್ಲಿ ಪ್ರಕಟವಾಯಿತು. ಸುಲಭವಾದ ರಂಜಕವು ತೀರಿದಾಗ, ಇತರ ಅನೇಕ ಜೀವಿಗಳು ಮುಟ್ಟಲಾರದ ಈ ಬುತ್ತಿಯನ್ನು ಬಿಚ್ಚಿ ಅದು ದಿನ ಕಳೆಯುತ್ತದೆ. ಮನೆಯಲ್ಲಿ ಅಕ್ಕಿ ಮುಗಿದ ದಿನ ಅಟ್ಟದ ಮೇಲಿನ ಹಳೆಯ ಗಂಟನ್ನು ಇಳಿಸುವ ಗೃಹಿಣಿಯ ನೆನಪು ನಮಗಾಗುತ್ತದೆ.

ಈ ಬಿಚ್ಚುವಿಕೆಗೆ ಬೆಲೆಯೂ ಉಂಟು. ಮೀಥೈಲ್ ಫಾಸ್ಫೊನೇಟೆಂಬುದನ್ನು ಒಡೆದಾಗ ಮೀಥೇನು ಎಂಬ ಅನಿಲವು ಹೊರಡುವುದು. ಅದು ಭೂಮಿಯ ತಾಪವನ್ನು ಹೆಚ್ಚಿಸತಕ್ಕದ್ದು. ಆಮ್ಲಜನಕ ತುಂಬಿದ ಮೇಲ್ನೀರಿನಲ್ಲಿ ಈ ಅನಿಲವೆಲ್ಲಿಂದ ಬಂದಿತೆಂಬ ಹಳೆಯ ಪ್ರಶ್ನೆಗೆ 2008ರಲ್ಲಿ ಇದೇ ಒಂದು ಉತ್ತರವಾಗಿ ದೊರೆಯಿತು. ಅದಲ್ಲದೆ, ಹುಡಿಯು ಮಿತಿಮೀರಿ ಬೆಳೆದು ಸತ್ತು ಕೊಳೆತಲ್ಲಿ, ನೀರಿನ ಆಮ್ಲಜನಕ ಕುಂದಿ ಮೀನುಗಳಿಗೆ ಕೇಡಾಗಬಹುದು. ಕಡಲನ್ನೇ ನಂಬಿದವರಿಗೆ ಇದು ಸಣ್ಣ ಮಾತಲ್ಲ.

ಆದುದರಿಂದ ಮುಂದಿನ ಬೇಸಗೆಯಲ್ಲಿ ದಡದಲ್ಲಿ ನಿಂತ ಮಗು ಆ ಕಂದು ಪಟ್ಟೆಯನ್ನು ತೋರಿಸಿ ಕೇಳಿದರೆ, ವಾಚಕರು ಕೊಳೆಯೆಂದು ಹೇಳಿ ಮುಗಿಸದಿರಲಿ. ಬಡತನದಲ್ಲಿ ಬದುಕುವ ಬಗೆಯನ್ನು ಬಲ್ಲ ಜೀವಿಯದು ಎಂದು ಹೇಳಲಿ. ಅದು ಹೆಚ್ಚಾದಾಗ ಆಗುವ ಕೇಡನ್ನೂ ಮರೆಮಾಡದಿರಲಿ.