ಹೆಪ್ಪು ಇದೆ, ಹಾಲೆಲ್ಲಿ?

‘ಜೀವಾಣು ಗೊಬ್ಬರ ಹಾಕಿ ನೋಡಿದೆ, ಏನೂ ಗೊತ್ತಾಗಲಿಲ್ಲ’ ಎನ್ನುವ ರೈತ ಸುಳ್ಳು ಹೇಳುತ್ತಿಲ್ಲ. ಅಣುಜೀವಿಗಳ ಬಗ್ಗೆ ವಿಜ್ಞಾನ ಹೇಳುವುದೂ ಸುಳ್ಳಲ್ಲ. ಎಡವಟ್ಟಾಗುವುದು ಯೂರಿಯಾ ಮಾರುವ ಧಾಟಿಯಲ್ಲೇ ಅಣುಜೀವಿಯನ್ನೂ ಮಾರುವಾಗ. ಯೂರಿಯಾ ಯಾವ ಹೊಲಕ್ಕೆ ಬಿದ್ದರೂ ನೂರಕ್ಕೆ 46 ಪಾಲು ಸಾರಜನಕವೇ. ಅಣುಜೀವಿಗಾದರೆ ಬೆಳೆಯ ಜೊತೆ ನೆಂಟಸ್ತಿಕೆ ಕೂಡಿಬರಬೇಕು, ಹೊಟ್ಟೆಗೆ ಸಿಗಬೇಕು, ಎಲ್ಲಕ್ಕಿಂತ ಮೊದಲು ಅದು ಬದುಕಿರಬೇಕು.

ಹಿಂದೆಂದೂ ಸೋಯಾ ಅವರೆ ಬೆಳೆಯದ ಹೊಲದಲ್ಲಿ ಅದಕ್ಕೆ ಒಗ್ಗುವ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾ ಇರುವುದು ಅಪರೂಪ. ಅಲ್ಲಿ ಅದನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಿದರೆ ಫಲ ಕಣ್ಣಿಗೇ ಕಾಣುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ: ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಲ್ಲುತ್ತಿದೆ, ಬಿಳಿಚಿಕೊಂಡಿದ್ದರೆ ಇಲ್ಲ. ಅಲಸಂದೆ, ಹೆಸರು, ಶೇಂಗಾದ ಮಾತೇ ಬೇರೆ. ಅವುಗಳಿಗೆ ಬೇಕಾದ ಬಳಗ ನಮ್ಮ ಮಣ್ಣಿನಲ್ಲಿ ಸಾಮಾನ್ಯವಾಗಿ ಮೊದಲೇ ಬೀಡುಬಿಟ್ಟಿರುತ್ತದೆ; ಪೊಟ್ಟಣದಿಂದ ಬಂದ ಹೊಸಬರು ಪೈಪೋಟಿಯಲ್ಲಿ ಸೋಲುವುದೇ ಹೆಚ್ಚು. ಮೇಲಿಂದ ಯೂರಿಯಾ ಸುರಿದರಂತೂ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಪುಕ್ಕಟೆ ಊಟ ಸಿಕ್ಕಾಗ ಬಾಡಿಗೆ ಅಡುಗೆಯವನು ಯಾರಿಗೆ ಬೇಕು? ರಂಜಕ ಹೆಚ್ಚಾದರೆ, ಬೇರಿಗೆ ಅದನ್ನು ಒದಗಿಸುವ ಮೈಕೊರೈಜಾ ಶಿಲೀಂಧ್ರದ ಗತಿಯೂ ಅದೇ. ಎಲೆಕೋಸು, ಸಾಸಿವೆಗಳಿಗಂತೂ ಆ ಶಿಲೀಂಧ್ರದ ಸಹವಾಸವೇ ಇಲ್ಲವೆನ್ನಬಹುದು.

2006ರಲ್ಲಿ ಜೀವಾಣು ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದವು. ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂಬ ನಿಯಮವಿದೆ. ನಿಯಮ ಸರಿ, ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಸೂರಿನಡಿ ಬಿದ್ದಿರುವ ಪೊಟ್ಟಣದಲ್ಲಿ ಎಷ್ಟು ಉಳಿದೀತು?

ಜೀವಾಮೃತದವರು ತಾವು ಬೇರೆ ಎನ್ನುತ್ತಾರೆ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು, ಹಿಡಿ ಬದುವಿನ ಮಣ್ಣು. ಇದು ಗೊಬ್ಬರವಲ್ಲ, ಹೆಪ್ಪು ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಹಾಲಿನ ಲೆಕ್ಕವನ್ನೂ ಕೇಳಬೇಕಾಗುತ್ತದೆ. ಕೊಟ್ಟಿಗೆ ಗೊಬ್ಬರ, ಹಸಿರೆಲೆ, ಕೊಳೆಯುವ ಕೂಳೆ ಇಲ್ಲದ ನೆಲದಲ್ಲಿ ಅಣುಜೀವಿ ತಿನ್ನುವುದೇನನ್ನು? ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಬಿಡಿಸಿಕೊಡುತ್ತದೆ, ಹೊಸದಾಗಿ ಹುಟ್ಟಿಸುವುದಿಲ್ಲ. ಕಾಳಿನ ಚೀಲದೊಂದಿಗೆ ಮಂಡಿಗೆ ಹೋದ ರಂಜಕ, ಪೊಟ್ಯಾಶ್ ಯಾವುದಾದರೂ ದಾರಿಯಲ್ಲಿ ಹೊಲಕ್ಕೆ ಮರಳಲೇಬೇಕು. ಹಾಗಾಗಿ ಸರ್ಕಾರದ ಸಹಾಯಧನ ಪೊಟ್ಟಣಕ್ಕಿಂತ ಮೊದಲು ತಿಪ್ಪೆಗೆ, ಸೆಣಬು–ಡಯಾಂಚದ ಬೀಜಕ್ಕೆ ಸಲ್ಲಬೇಕು.