ಬೆಟ್ಟದ ದಾರಿಗೂ ಒಂದು ಲೆಕ್ಕವಿದೆ

ಸಹ್ಯಾದ್ರಿಯ ಶಿಖರಗಳನ್ನು ಕಾಲ್ನಡಿಗೆಯಿಂದ ಏರುವ ಹವ್ಯಾಸವು ನಮ್ಮ ನಾಡಿನ ತರುಣರಲ್ಲಿ ಬೆಳೆದಿರುವ ವೇಗವನ್ನು ಕಂಡರೆ ಸಂತೋಷವೂ ಆಗುತ್ತದೆ, ಕಳವಳವೂ ಆಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಗೇ ನೆರೆದುದರ ಫಲವಾಗಿ ಚಾರಣಕ್ಕೆ ತಾತ್ಕಾಲಿಕ ತಡೆ ಬಿದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯು ಮುಂಗಡ ನೋಂದಣಿಯ ಏರ್ಪಾಡನ್ನು ಜಾರಿಗೆ ತಂದು, ಒಂದು ದಾರಿಗೆ ದಿನಕ್ಕೆ 300 ಜನರೆಂದು ಮಿತಿಯನ್ನು ಗೊತ್ತುಮಾಡಿತು. 2025ರಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೂ ಮಿತಿ ಬಂದಿತು. ಇವೆಲ್ಲ ಆಗಬೇಕಾದವೇ. ಆದರೆ ಈ ಚರ್ಚೆಯಲ್ಲೆಲ್ಲ ತಲೆಗಳ ಎಣಿಕೆ ನಡೆದಿದೆಯೇ ಹೊರತು, ಆ ತಲೆಗಳನ್ನು ಹೊತ್ತ ಕಾಲುಗಳು ಯಾವ ದಾರಿಯಲ್ಲಿ ನಡೆಯುತ್ತಿವೆ, ಆ ದಾರಿಯ ಇಳಿಜಾರೆಷ್ಟು, ಅದರ ಮೇಲೆ ಬಿದ್ದ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣುವುದಿಲ್ಲ. ಕೆಟ್ಟ ದಾರಿಯೊಂದನ್ನು 300 ಜನ ಹಾಳುಮಾಡಬಲ್ಲರು. ಒಳ್ಳೆಯ ದಾರಿ ಅದಕ್ಕಿಂತ ಹೆಚ್ಚು ಜನರನ್ನು ತಾಳಿಕೊಂಡೀತು. ನಮ್ಮ ಅಭಿಪ್ರಾಯದಲ್ಲಿ ಮೊದಲು ವಿಚಾರಿಸಬೇಕಾದುದು ದಾರಿಯನ್ನು.

ಇಳಿಜಾರು ಸಮತಲವು ಸರಳಯಂತ್ರಗಳಲ್ಲಿ ಒಂದೆಂಬುದನ್ನು ಪ್ರೌಢಶಾಲೆಯ ಬಾಲಕರೂ ಓದಿರುತ್ತಾರೆ. ನುಣುಪಾದ ಹಲಗೆಯ ಮೇಲೆ ನುಣುಪಾದ ಮರದ ತುಂಡನ್ನು ಎಳೆಯುವ ಲೆಕ್ಕವೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಕಳಿಕೆ. ಮರದ ತುಂಡಿನ ಬದಲು ಮನುಷ್ಯನನ್ನು ಇಟ್ಟುನೋಡಿದರೆ ಅದೇ ಲೆಕ್ಕಕ್ಕೆ ಜೀವ ಬರುತ್ತದೆ, ಏಕೆಂದರೆ ಮನುಷ್ಯನಿಗೆ ಬಾಯಾರುತ್ತದೆ. 60 ಕಿಲೋಗ್ರಾಂ ತೂಕದ ಒಬ್ಬನು ಬೆನ್ನಿನ ಮೇಲೆ 10 ಕಿಲೋಗ್ರಾಂ ಗಂಟನ್ನು ಹೊತ್ತು 500 ಮೀಟರ್ ಎತ್ತರಕ್ಕೆ ಏರಿದನೆನ್ನೋಣ. ಗುರುತ್ವಕ್ಕೆ ಎದುರಾಗಿ ಅವನು ಮಾಡಿದ ಕಾರ್ಯ ಸುಮಾರು 3,43,000 ಜೂಲ್, ಎಂದರೆ 82 ಕಿಲೋಕ್ಯಾಲರಿ. ಒಂದು ಮಸಾಲೆದೋಸೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಶಕ್ತಿಯಿದೆ! ಆದರೆ ನಮ್ಮ ಸ್ನಾಯುಗಳು ಅಷ್ಟೇನೂ ದಕ್ಷವಾದ ಯಂತ್ರಗಳಲ್ಲ. ವ್ಯಯವಾದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಮಾತ್ರ ಕಾರ್ಯವಾಗಿ ಪರಿಣಮಿಸುತ್ತದೆ. ಮುಕ್ಕಾಲುಭಾಗ ಶಾಖವಾಗಿ ದೇಹದಲ್ಲಿ ಉಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ಶಾಖ ಹತ್ತು ಲಕ್ಷ ಜೂಲಿಗೂ ಸ್ವಲ್ಪ ಹೆಚ್ಚು. ಇದನ್ನು ಬೆವರಿನಿಂದಲೇ ಹೊರದೂಡಬೇಕಾದರೆ, ಒಂದು ಕಿಲೋಗ್ರಾಂ ಬೆವರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಬೇಕೆಂಬ ಲೆಕ್ಕದಂತೆ, 430 ಗ್ರಾಂ ಬೆವರು ಪೂರ್ತಿಯಾಗಿ ಆರಬೇಕು. ಮಲೆನಾಡಿನ ತೇವದ ಗಾಳಿಯಲ್ಲಿ ಅದು ಪೂರ್ತಿಯಾಗಿ ಆರುವುದಿಲ್ಲ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದೇಹವನ್ನು ತಣಿಸುವುದಿಲ್ಲವಾದುದರಿಂದ ಇನ್ನಷ್ಟು ಬೆವರು ಸುರಿಯಬೇಕಾಗುತ್ತದೆ. ಬೆಟ್ಟ ತಂಪಾಗಿದೆಯೆಂದು ನೀರನ್ನು ಅರೆಬಾಟಲಿಗೆ ಇಳಿಸುವವರು ಇದನ್ನು ಗಮನಿಸಬೇಕು.

ದಾರಿಯ ಇಳಿಜಾರು ಈ ಒಟ್ಟು ಕಾರ್ಯವನ್ನು ಬದಲಿಸಲಾರದು. ಅದು ಬದಲಿಸುವುದು ಸಾಮರ್ಥ್ಯವನ್ನು, ಎಂದರೆ ಕಾರ್ಯ ನಡೆಯುವ ದರವನ್ನು. ಹತ್ತಕ್ಕೆ ಒಂದರಂತೆ ಏರುವ ದಾರಿಯಲ್ಲಿ ಗಂಟೆಗೆ 3 ಕಿಲೋಮೀಟರ್ ನಡೆದರೆ ಗಂಟೆಗೆ 300 ಮೀಟರ್ ಏರಿದಂತಾಯಿತು. ಮೇಲೆ ಹೇಳಿದ ವ್ಯಕ್ತಿಗೆ ಇದಕ್ಕೆ ಬೇಕಾದುದು 57 ವ್ಯಾಟ್. ಆರೋಗ್ಯವಂತನಾದ ಯಾರೇ ಆಗಲಿ ಮಾತಾಡುತ್ತಲೇ ಇದನ್ನು ಒದಗಿಸಬಲ್ಲ. ದಾರಿ ಮೂರಕ್ಕೆ ಒಂದರಂತೆ ಕಡಿದಾಗಿದ್ದು ನಡಿಗೆಯ ವೇಗ ಅಷ್ಟೇ ಇರಬೇಕೆಂದರೆ 190 ವ್ಯಾಟ್ ಬೇಕು. ತರಬೇತಿಯಿಲ್ಲದವನು ಇದನ್ನು ಬಹಳ ಹೊತ್ತು ಸಾಗಿಸಲಾರ. ಅವನು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ, ಹುಲ್ಲನ್ನು ಹಿಡಿದು ಏರುತ್ತಾನೆ, ದಾರಿಯ ಅಂಚನ್ನು ತುಳಿದು ಅಗಲಮಾಡುತ್ತಾನೆ. ಹೇರೆತ್ತುಗಳನ್ನು ಹೊಡೆದುಕೊಂಡು ಘಟ್ಟವನ್ನು ಹತ್ತಿಳಿಯುತ್ತಿದ್ದ ನಮ್ಮ ಹಿರಿಯರು ಸೂತ್ರಗಳನ್ನು ಬರೆದವರಲ್ಲ. ಆದರೆ ಉಪ್ಪು ಹೊತ್ತ ಎತ್ತು ಎಷ್ಟು ಏರನ್ನು ತಾಳುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಎತ್ತು ಒಪ್ಪದ ದಾರಿ ಅವರಿಗೆ ದಾರಿಯೇ ಅಲ್ಲ.

ತಿರುವಿನಿಂದ ತಿರುವಿಗೆ ಸುತ್ತಿ ಏರುವ ದಾರಿಯನ್ನು ಕಂಡೊಡನೆ ಅದನ್ನು ಕತ್ತರಿಸಿ ನೆಟ್ಟಗೆ ಹತ್ತುವ ಒಳದಾರಿಯನ್ನು ಹುಡುಕುವುದು ನಮ್ಮ ಚಾರಣಿಗರ ಒಂದು ಚಪಲ. ಒಳದಾರಿಯಲ್ಲಿ ದೂರ ಉಳಿಯುತ್ತದೆ, ನಿಜ. ಎತ್ತರ ಒಂದು ಅಂಗುಲವೂ ಉಳಿಯುವುದಿಲ್ಲ. ಗುರುತ್ವಕ್ಕೆ ತೆರಬೇಕಾದ ಕಂದಾಯ ಅಷ್ಟೇ. ಅದನ್ನು ಕಂತಿನಲ್ಲಿ ಕೊಡುವ ಬದಲು ಒಂದೇ ಸಲಕ್ಕೆ ಕೊಟ್ಟಂತೆ. ಒಮ್ಮೆ ನಾವು ವಿದ್ಯಾರ್ಥಿಗಳೊಡನೆ ಚಂದ್ರದ್ರೋಣ ಶ್ರೇಣಿಯ ಒಂದು ಕಾಲುದಾರಿಯಲ್ಲಿ ನಡೆದಾಗ, ಕಂಪಾಸುಪೆಟ್ಟಿಗೆಯ ಕೋನಮಾಪಕಕ್ಕೆ ದಾರವನ್ನೂ ದಾರದ ತುದಿಗೆ ಕಲ್ಲನ್ನೂ ಕಟ್ಟಿ ಇಳಿಜಾರನ್ನು ಅಳೆಯಿಸಿದೆವು. ಹಳೆಯ ಸುತ್ತುದಾರಿ 6 ಡಿಗ್ರಿಯ ಆಸುಪಾಸಿನಲ್ಲಿತ್ತು, ಎಂದರೆ ಹತ್ತಕ್ಕೆ ಒಂದು. ಅದನ್ನು ಕಡಿದು ಹೋಗಿದ್ದ ಒಳದಾರಿ 30 ಡಿಗ್ರಿ. ಸುತ್ತುದಾರಿಯ ಮೇಲೆ ಹುಲ್ಲಿನ ಗರಿಕೆ ಇನ್ನೂ ಉಳಿದಿತ್ತು; ಒಳದಾರಿಯು ಮೊಣಕಾಲುದ್ದ ಕೊರೆದು, ಅದರ ತಳದಲ್ಲಿ ಬರಿಯ ಕಲ್ಲುಹರಳು ಕಾಣುತ್ತಿತ್ತು.

ಈ ಕೊರೆತವನ್ನು ಮಾಡಿದ್ದು ಪಾದರಕ್ಷೆಯಲ್ಲ, ನೀರು. ಪಾದರಕ್ಷೆ ಹುಲ್ಲನ್ನು ತೆಗೆದು ಬಾಗಿಲನ್ನು ತೆರೆದುಕೊಟ್ಟಿತು, ಅಷ್ಟೇ. ಆಗುಂಬೆಯಂಥ ಸ್ಥಳದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕವು ಅದರ ವೇಗದ ಆರನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದಿರುವ ನಿಯಮ. ವೇಗ ಇಮ್ಮಡಿಯಾದರೆ ಕಲ್ಲಿನ ತೂಕ 64 ಮಡಿ! ಆದುದರಿಂದ ದಾರಿ ಮಾಡುವವನ ಮುಖ್ಯ ಕರ್ತವ್ಯವೆಂದರೆ ನೀರಿಗೆ ವೇಗ ಬರದಂತೆ ನೋಡಿಕೊಳ್ಳುವುದು. ಅನುಭವಿಗಳು ಇದಕ್ಕೆ ಒಂದು ಸುಲಭವಾದ ಕಟ್ಟಳೆಯನ್ನು ಕಂಡುಕೊಂಡಿದ್ದಾರೆ: ದಾರಿಯ ಏರು ಗುಡ್ಡದ ಮೈಯ ಏರಿನ ಅರ್ಧಕ್ಕಿಂತ ಹೆಚ್ಚಾಗಕೂಡದು. ಹಾಗಿದ್ದರೆ ಮೇಲಿನಿಂದ ಬಂದ ನೀರು ದಾರಿಯನ್ನು ಅಡ್ಡಲಾಗಿ ದಾಟಿ ಕೆಳಗಿಳಿಯುತ್ತದೆ. ಮಿತಿ ಮೀರಿದರೆ ನೀರು ದಾರಿಯನ್ನೇ ಹಳ್ಳವನ್ನಾಗಿ ಮಾಡಿಕೊಳ್ಳುತ್ತದೆ. ಇದರ ಜೊತೆಗೆ ದಾರಿಯ ಮೇಲ್ಮೈಯನ್ನು ಕಣಿವೆಯ ಕಡೆಗೆ ತುಸು ಓರೆಯಾಗಿ ಇಡಬೇಕು. ಅಲ್ಲಲ್ಲಿ ಕಲ್ಲು ಕೂಡಿಸಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಅಡಕೆತೋಟದ ಬಸಿಗಾಲುವೆಯನ್ನು ಬಲ್ಲ ಮಲೆನಾಡಿನ ರೈತನಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಬೆಟ್ಟದ ಕಾಲುದಾರಿಗಳಲ್ಲಿ ಬೈಸಿಕಲ್ಲನ್ನೂ ಓಡಿಸಬೇಕೆಂಬ ಬೇಡಿಕೆ ಈಚೆಗೆ ಕೇಳಿಬರುತ್ತಿದೆ. ನಮಗೆ ಬೈಸಿಕಲ್ಲಿನ ಮೇಲೆ ಪ್ರೀತಿಯಿದೆ. ಮನುಷ್ಯ ಕಟ್ಟಿದ ಯಂತ್ರಗಳಲ್ಲಿ ಅಷ್ಟು ದಕ್ಷವಾದುವು ಕಡಿಮೆ. ಆದರೂ ಹುಲ್ಲುಗಾವಲಿನ ಕಾಲುದಾರಿ ಅದಕ್ಕೆ ತಕ್ಕ ಸ್ಥಳವಲ್ಲವೆಂದೇ ನಮ್ಮ ಮತ. ಒಂದೇ ಪಾದದ ಮೇಲೆ ನಿಂತ 70 ಕಿಲೋಗ್ರಾಂ ಭಾರವು 200 ಚದರ ಸೆಂಟಿಮೀಟರ್ ನೆಲದ ಮೇಲೆ ಹರಡಿದರೆ ಒತ್ತಡ ಸುಮಾರು 34 ಕಿಲೋಪಾಸ್ಕಲ್. ಬೈಸಿಕಲ್ಲಿನ ಟೈರು ನೆಲದ ಮೇಲೆ ಹಾಕುವ ಒತ್ತಡವಾದರೋ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ದಪ್ಪ ಟೈರಿನಲ್ಲಿಯೂ ಅದು 200 ಕಿಲೋಪಾಸ್ಕಲ್ ಆಗಬಹುದು. ಅದಕ್ಕಿಂತ ಮುಖ್ಯವಾದುದು ಗುರುತಿನ ಆಕಾರ. ಹೆಜ್ಜೆಗುರುತುಗಳು ಬಿಡಿಬಿಡಿಯಾದ ಗುಳಿಗಳು. ಟೈರಿನ ಗುರುತು ಮೇಲಿನಿಂದ ಕೆಳಗಿನವರೆಗೆ ಎಡೆಬಿಡದ ಒಂದು ಗೀರು. ಒದ್ದೆ ನೆಲದಲ್ಲಿ ಆ ಗೀರೇ ನೀರಿಗೆ ಮೊದಲ ಕಾಲುವೆ.

ಹಾಗಾದರೆ ಬೈಸಿಕಲ್ಲಿಗೆ ಬೆಟ್ಟವೇ ಬೇಡವೆ? ಖಂಡಿತ ಬೇಕು, ಈಗಾಗಲೇ ಇರುವ ಘಟ್ಟದ ರಸ್ತೆಗಳಲ್ಲಿ. ಸವಾರನೂ ಬೈಸಿಕಲ್ಲೂ ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಇಪ್ಪತ್ತಕ್ಕೆ ಒಂದರ ಏರಿನಲ್ಲಿ ಗಂಟೆಗೆ 9 ಕಿಲೋಮೀಟರ್ ಹೋಗಲು, ಘರ್ಷಣೆಯನ್ನು ಬಿಟ್ಟು, 98 ವ್ಯಾಟ್ ಸಾಕು. ಹತ್ತಕ್ಕೆ ಒಂದರ ಏರಿನಲ್ಲಿ ಅದು 196ಕ್ಕೆ ಏರುತ್ತದೆ. ಆಗ ಇಳಿದು ತಳ್ಳುವುದೇ ಜಾಣತನ. ಬಂಡಿಗಳಿಗಾಗಿಯೂ ಮೋಟಾರುಗಳಿಗಾಗಿಯೂ ಅಳೆದು ಮಾಡಿದ ರಸ್ತೆಗಳಲ್ಲಿ ಸೌಮ್ಯವಾದ ಏರು ಬೇಕಾದಷ್ಟು ಸಿಕ್ಕುತ್ತದೆ. ಆಗುಂಬೆಯ 14 ಸುತ್ತುತಿರುವುಗಳ ರಸ್ತೆಯಾಗಲಿ, ಚಾರ್ಮಾಡಿಯಾಗಲಿ, 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋಗುವ ರಸ್ತೆಯಾಗಲಿ, ಇವುಗಳಲ್ಲಿ ಬೈಸಿಕಲ್ಲಿನ ಶತ್ರು ಏರಲ್ಲ, ಹಿಂದಿನಿಂದ ಹಾರನ್ ಹೊಡೆಯುವ ಕಾರು. ವಾರಕ್ಕೊಂದು ದಿನ, ಬೆಳಗಿನ ಮೂರು ಗಂಟೆಗಳ ಕಾಲ, ಬದಲಿ ಮಾರ್ಗವಿರುವ ಒಂದೊಂದು ಘಟ್ಟದ ರಸ್ತೆಯನ್ನು ಮೋಟಾರುಗಳಿಗೆ ಮುಚ್ಚಿದರೆ, ಒಂದು ಹಾರೆಗುದ್ದಲಿಯನ್ನೂ ಎತ್ತದೆ ನಮಗೆ ನಾಡಿನ ಸೊಗಸಾದ ಬೈಸಿಕಲ್ ದಾರಿಗಳು ದೊರೆಯುತ್ತವೆ. ಇಳಿಯುವವರಿಗೆ ಮಾತ್ರ ಒಂದು ಎಚ್ಚರಿಕೆ: 500 ಮೀಟರ್ ಕೆಳಗಿಳಿಯುವ 80 ಕಿಲೋಗ್ರಾಂ ಕಳೆದುಕೊಳ್ಳುವ ಶಕ್ತಿಯಿಂದ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು. ನಿಧಾನವಾಗಿ ಇಳಿದರೆ ಆ ಶಾಖದ ಬಹುಪಾಲನ್ನು ಬ್ರೇಕುಗಳೇ ಹೊರಬೇಕು. ಮಳೆಯಲ್ಲಿ ತೊಯ್ದ ರಬ್ಬರು ಈ ಹೊರೆಯನ್ನು ಹೊರುತ್ತದೆಂದು ನಂಬಿ ಹೊರಡಬಾರದು.

ಕಾಲುದಾರಿಗಳನ್ನು ಸಾರ್ವಜನಿಕ ಆಸ್ತಿಯೆಂದು ಬಗೆದ ದೇಶವನ್ನು ನೋಡಬೇಕಾದರೆ ಸ್ವಿಟ್ಸರ್ಲೆಂಡಿನ ಕಡೆಗೆ ತಿರುಗಬೇಕು. 1979ರಲ್ಲಿ ಅಲ್ಲಿಯ ಪ್ರಜೆಗಳು ಮತದಾನದ ಮೂಲಕ ಕಾಲುದಾರಿಗಳನ್ನು ಸಂವಿಧಾನದಲ್ಲಿಯೇ ಸೇರಿಸಿದರು. 1985ರಲ್ಲಿ ಅದಕ್ಕೊಂದು ಕಾನೂನು ಬಂದಿತು. ನಕ್ಷೆಯಲ್ಲಿ ನಮೂದಾದ ದಾರಿಯೊಂದನ್ನು ರಸ್ತೆಗಾಗಿಯೋ ಕಟ್ಟಡಕ್ಕಾಗಿಯೋ ತೆಗೆಯಬೇಕಾದರೆ ಅದಕ್ಕೆ ಬದಲಿ ದಾರಿಯನ್ನು ಒದಗಿಸಬೇಕೆಂಬುದು ಆ ಕಾನೂನಿನ ತಿರುಳು. ಇಂದು ಅಲ್ಲಿ ಸುಮಾರು 65,000 ಕಿಲೋಮೀಟರ್ ದಾರಿಗೆ ಕೈಮರಗಳಿವೆ. ಸಾಮಾನ್ಯ ದಾರಿಗೆ ಹಳದಿ, ಬೆಟ್ಟದ ದಾರಿಗೆ ಬಿಳಿ-ಕೆಂಪು-ಬಿಳಿ, ಅತಿ ಕಠಿಣವಾದುದಕ್ಕೆ ಬಿಳಿ-ನೀಲಿ-ಬಿಳಿ ಗುರುತು. 2018ರಲ್ಲಿ ಬೈಸಿಕಲ್ ದಾರಿಗಳಿಗೂ ಪ್ರಜೆಗಳು ಇದೇ ಬಗೆಯ ಮನ್ನಣೆಯನ್ನು ಕೊಟ್ಟರು. ಅವರ ಹಣ ನಮ್ಮಲ್ಲಿಲ್ಲವೆಂದು ಹೇಳುವವರುಂಟು. ಕೈಮರಕ್ಕೆ ಬೇಕಾದುದು ಒಂದು ಹಲಗೆ, ಸ್ವಲ್ಪ ಬಣ್ಣ.

ಆ ಕೈಮರಗಳ ಮೇಲೆ ಬರೆದಿರುವುದು ದೂರವಲ್ಲ, ನಡಿಗೆಗೆ ಹಿಡಿಯುವ ಕಾಲ. ಬೆಟ್ಟದಲ್ಲಿ ದೂರವೆಂಬುದು ಮೋಸದ ಮಾತು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಮೆಟ್ರಿಕ್ ಅಳತೆಗೆ ತಂದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ದಾರಿ ಸುಮಾರು 13 ಕಿಲೋಮೀಟರ್, ಏರು ಸಾವಿರದ ಐನೂರು ಮೀಟರಿಗೂ ಹೆಚ್ಚು. ದೂರವನ್ನಷ್ಟೇ ನೋಡಿದವನು ಎರಡೂವರೆ ಗಂಟೆಯೆಂದುಕೊಳ್ಳುತ್ತಾನೆ. ಸೂತ್ರ ಹೇಳುವುದು ಐದು ಗಂಟೆಗೂ ಮೇಲೆ, ಅದೂ ನಿಲ್ಲದೆ ನಡೆಯಬಲ್ಲ ಗಟ್ಟಿಗನಿಗೆ. ಕತ್ತಲಲ್ಲಿ ಸಿಕ್ಕಿಬಿದ್ದು ದಾರಿ ತಪ್ಪಿದ ಚಾರಣಿಗರನ್ನು ಹುಡುಕಲು ಊರವರು ಪಂಜು ಹಿಡಿದು ಹೊರಡುವ ಸುದ್ದಿಯನ್ನು ಓದಿದಾಗಲೆಲ್ಲ ನಮಗೆ ಈ ಸಣ್ಣ ಲೆಕ್ಕದ ನೆನಪಾಗುತ್ತದೆ. ದಾರಿಯ ಬುಡದಲ್ಲಿ ಏರಿನ ಮೊತ್ತ, ಹಿಡಿಯುವ ಕಾಲ, ಎಷ್ಟು ಗಂಟೆಯಾದ ಮೇಲೆ ಹೊರಡಕೂಡದು ಎಂಬ ಮೂರು ಸಂಗತಿಗಳನ್ನು ಬರೆದ ಹಲಗೆಯಿದ್ದರೆ ಅನೇಕ ಅನಾಹುತಗಳು ತಪ್ಪಿಯಾವು.

ದಾರಿಯನ್ನು ಕಟ್ಟಿದರೆ ಬೆಟ್ಟದ ಸಹಜತೆ ಕೆಡುತ್ತದೆಂದು ಪ್ರಕೃತಿಪ್ರಿಯರು ಆಕ್ಷೇಪಿಸಬಹುದು. ಮೆಟ್ಟಿಲು ಕಟ್ಟಿ ಸಿಮೆಂಟು ಬಳಿಯಬೇಕೆಂದು ನಾವು ಹೇಳುತ್ತಿಲ್ಲ. ಅದು ದಾರಿಯಲ್ಲ, ಅಪಚಾರ. ಆದರೆ ದಾರಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ಸಹಜವಾಗಿ ಉಳಿಯುತ್ತದೆಂಬುದೂ ಭ್ರಮೆ. ಕೆಸರಾದ ಕಡೆ ಜನ ಅಂಚನ್ನು ತುಳಿಯುತ್ತಾರೆ, ಅಂಚು ಕೆಸರಾದರೆ ಅದರಾಚೆ; ಒಂದು ಅಡಿಯ ದಾರಿ ಹತ್ತು ಅಡಿಯಾಗುತ್ತದೆ. ಕಣಿವೆಗಳ ಶೋಲಾ ಕಾಡಿಗೂ ನೀರಿನ ತಾಣಗಳಿಗೂ ದಾರಿಯನ್ನು ಒಯ್ಯದೆ, ಅವನ್ನು ಕಾಡುಪ್ರಾಣಿಗಳಿಗೇ ಬಿಟ್ಟುಕೊಡಬೇಕೆಂಬ ಮಾತನ್ನು ಮಾತ್ರ ನಾವು ಪೂರ್ತಿಯಾಗಿ ಒಪ್ಪುತ್ತೇವೆ.

ಈಗ ಚಾರಣಿಗರಿಂದ ಶುಲ್ಕ ಬರುತ್ತಿದೆ. ಅದರಲ್ಲಿ ಒಂದು ಪಾಲನ್ನು ಆಯಾ ದಾರಿಗೇ ಮೀಸಲಿಡಬೇಕು. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಬುಡದ ಹಳ್ಳಿಯವರಿಗೇ ಕೂಲಿ ಕೊಟ್ಟು ಬಸಿಗಾಲುವೆಗಳ ಮಣ್ಣನ್ನು ತೆಗೆಸಬೇಕು, ಒಳದಾರಿಗಳ ಬಾಯಿಗೆ ಮುಳ್ಳು ಹಾಕಿಸಬೇಕು, ಕೊರೆದ ಕಡೆ ಕಲ್ಲು ಕೂಡಿಸಿ ಹುಲ್ಲಿನ ಹೆಪ್ಪೆಗಳನ್ನು ನೆಡಿಸಬೇಕು. ಈ ಕೆಲಸ ಮುಗಿದು ಹುಲ್ಲು ಬೇರೂರುವವರೆಗೆ ಆ ದಾರಿಯಲ್ಲಿ ಒಬ್ಬರಿಗೂ ಅನುಮತಿ ಕೊಡಬಾರದು, 300 ಜನರ ಮಾತು ಹಾಗಿರಲಿ.